ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕ ಎರಡು ಗುರುತಿನ ಚೀಟಿ

ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ಧಾರವಾಡ. ಹದಿನೈದು ವರ್ಷದಿಂದ ಬ್ರಸೆಲ್ಸ್‌ನಲ್ಲಿದ್ದೇನೆ, ಹೆಂಡತಿ ಇಲ್ಲಿಯವಳೇ. ಈಚೆಗೆ ಅವಳ ಅಜ್ಜಿ, ಅಂದರೆ ನಮ್ಮ ಅತ್ತೆಯ ತಾಯಿ, 91ನೇ ವಯಸ್ಸಿಗೆ ತೀರಿಕೊಂಡರು. ಮನೆ ಖಾಲಿ ಮಾಡುವಾಗ ಕಪಾಟಿನ ಮೇಲೆ ಹಳೇ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಎರಡು ಗುರುತಿನ ಚೀಟಿ. ಎರಡರಲ್ಲೂ ಅಜ್ಜಿಯ ತಾಯಿಯ ಫೋಟೋ, ಆದರೆ ಹೆಸರು ಬೇರೆ ಬೇರೆ. ಒಂದರಲ್ಲಿ ಪೋಲೆಂಡ್ ಕಡೆಯ ಹೆಸರು, ಮೇಲೆ 'ಯಹೂದಿ' ಅಂತ ಫ್ರೆಂಚ್ ಮತ್ತು ಡಚ್‌ನಲ್ಲಿ ಕೆಂಪು ಮುದ್ರೆ. ಇನ್ನೊಂದರಲ್ಲಿ ಅಪ್ಪಟ ಬೆಲ್ಜಿಯಂ ಹೆಸರು, ಮುದ್ರೆ ಇಲ್ಲ. ಜೊತೆಗೆ ಗೊತ್ತಿಲ್ಲದ ಲಿಪಿಯಲ್ಲಿ ಎರಡು ಪುಟದ ಪತ್ರ. ಅಜ್ಜಿ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದವರು. ಯಹೂದಿ ಅನ್ನುವ ಮಾತೇ ಆ ಮನೆಯಲ್ಲಿ ಬಂದದ್ದಿಲ್ಲ. ಅಜ್ಜಿಯ ತಂದೆಯ ಬಗ್ಗೆ ಗೊತ್ತಿರೋದು ಒಂದೇ ಸಾಲು: 'ಯುದ್ಧದ ವೇಳೆ ಕೆಲಸಕ್ಕೆ ಅಂತ ಫ್ರಾನ್ಸಿಗೆ ಹೋದರು, ವಾಪಸ್ ಬರಲಿಲ್ಲ.' ಅತ್ತೆ 'ಅಮ್ಮ ಮುಚ್ಚಿಟ್ಟದ್ದನ್ನು ಕೆದಕಬೇಡಿ' ಅನ್ನುತ್ತಾರೆ. 14 ವರ್ಷದ ಮಗಳು ಬಿಡುತ್ತಿಲ್ಲ: 'ಹಾಗಾದ್ರೆ ನಾವು ಯಹೂದಿಗಳಾ? ಅವರೆಲ್ಲ ಯಾಕೆ ಸುಮ್ನೆ ರೈಲು ಹತ್ತಿದರು? ಯಾರೂ ಎದುರು ನಿಲ್ಲಲಿಲ್ವಾ?' ಎಲ್ಲಿಂದ ಶುರು ಮಾಡಲಿ?

ಉತ್ತರ: ಮಗಳ ಕೊನೇ ಪ್ರಶ್ನೆಯಿಂದಲೇ ಶುರು ಮಾಡೋಣ. ಎದುರು ನಿಂತರು. ಅದರ ಸಾಕ್ಷಿ ನಿಮ್ಮ ಡಬ್ಬಿಯಲ್ಲೇ ಇದೆ: ಮುದ್ರೆ ಇಲ್ಲದ ಆ ಎರಡನೇ ಚೀಟಿ.

ಸಿನಿಮಾ ನೋಡಿ ಬೆಳೆದ ನಮಗೆ ಪ್ರತಿರೋಧ ಅಂದರೆ ಬಂದೂಕು, ಬಾಂಬು, ಕಾಡು. ಪೋಲೆಂಡ್, ಲಿಥುವೇನಿಯ, ಬೆಲರೂಸ್ ಕಡೆ ಅದೂ ಇತ್ತು. ಆದರೆ ಬೆಲ್ಜಿಯಂನಲ್ಲಿ ಯಹೂದಿಗಳನ್ನು ಹಿಡಿದದ್ದು ಬಹುಪಾಲು ಕಾಗದದ ಬಲೆಯಿಂದ. ಬಲೆ ಹರಿದವರೂ ಕಾಗದದಿಂದಲೇ ಹರಿದರು. ಇದೊಂದು ಗೊತ್ತಾದರೆ, ಮುಂದೆ ಎಲ್ಲಿ ಹುಡುಕಬೇಕು ಅನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿದ್ದು 1940ರ ಮೇ ತಿಂಗಳಲ್ಲಿ. ಆಗ ಅಲ್ಲಿ ಸುಮಾರು 66,000 ಯಹೂದಿಗಳಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಬೆಲ್ಜಿಯಂ ಪ್ರಜೆಗಳಲ್ಲ. ಪೋಲೆಂಡಿನಿಂದ, ಜರ್ಮನಿಯಿಂದ ಹೊಟ್ಟೆಪಾಡಿಗೆ ಅಥವಾ ಜೀವಭಯಕ್ಕೆ ಬಂದವರು. ಬ್ರಸೆಲ್ಸ್‌ನಲ್ಲಿದ್ದವರು ಹೆಚ್ಚಾಗಿ ಮಿಡಿ ರೈಲು ನಿಲ್ದಾಣದ ಆಸುಪಾಸು, ಆಂಡರ್‌ಲೆಕ್ಟ್ ಕಡೆ, ದರ್ಜಿ ಕೆಲಸ, ಚರ್ಮದ ಚೀಲ ಹೊಲಿಯುವ ಕೆಲಸ ಮಾಡಿಕೊಂಡಿದ್ದವರು. 1940ರ ಅಕ್ಟೋಬರ್ 28ಕ್ಕೆ ಒಂದು ಆದೇಶ ಬಂತು: 15 ದಾಟಿದ ಪ್ರತಿ ಯಹೂದಿಯೂ ತನ್ನ ಕಮ್ಯೂನ್ ಕಚೇರಿಗೆ, ಅಂದರೆ ಅಲ್ಲಿನ ಪುರಸಭೆಗೆ ಹೋಗಿ ಬೇರೆಯೇ ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ಮರುವರ್ಷ ಗುರುತಿನ ಚೀಟಿಗೆ ಕೆಂಪು ಮುದ್ರೆ ಬಿತ್ತು. ನಿಮ್ಮಲ್ಲಿರುವ ಮೊದಲ ಚೀಟಿ ಇದೇ. 1941ರ ನವೆಂಬರ್‌ನಲ್ಲಿ 'ಬೆಲ್ಜಿಯಂ ಯಹೂದಿಗಳ ಸಂಘ' ಅಂತ ಜರ್ಮನ್ನರೇ ಒಂದು ಕಡ್ಡಾಯ ಸಂಘ ಮಾಡಿಸಿದರು. ಅಲ್ಲೂ ಪ್ರತಿ ಕುಟುಂಬದ್ದು ಒಂದೊಂದು ಕಾರ್ಡು. 1942ರ ಜೂನ್‌ಗೆ ಎದೆಯ ಮೇಲೆ ಹಳದಿ ನಕ್ಷತ್ರ. ಅದನ್ನು ಹಂಚುವ ಕೆಲಸ ನಮ್ಮಿಂದ ಆಗದು ಅಂತ ಬ್ರಸೆಲ್ಸ್‌ನ ಮೇಯರುಗಳು ಕೈ ಚೆಲ್ಲಿದರು, ಅದು ಬೇರೆ ಮಾತು. ಜುಲೈ ಕೊನೆಗೆ ಮನೆ ಮನೆಗೆ ಚೀಟಿ ಬರತೊಡಗಿತು: 'ಕೆಲಸಕ್ಕೆ ಹಾಜರಾಗಿ. ಇಷ್ಟು ದಿನದ ಊಟ, ಒಂದು ಜೊತೆ ಗಟ್ಟಿ ಬೂಟು ತನ್ನಿ.' ಹಾಜರಾಗಬೇಕಿದ್ದ ಜಾಗ ಮೆಖಲೆನ್ ಊರಿನ ದೊಸ್ಸಾ ಬ್ಯಾರಕ್ಸು. ಅಲ್ಲಿಂದ ಆಶ್ವಿಟ್ಜ್‌ಗೆ, ಅಂದರೆ ಪೋಲೆಂಡಿನಲ್ಲಿ ನಾಜಿಗಳು ನಡೆಸುತ್ತಿದ್ದ ಸಾವಿನ ಶಿಬಿರಕ್ಕೆ, ನೇರ ರೈಲು.

ನಕ್ಷತ್ರ ಹಂಚದ ಮೇಯರುಗಳ ಕಚೇರಿಯಲ್ಲೇ ಒಂದೂವರೆ ವರ್ಷ ಮೊದಲು ರಿಜಿಸ್ಟರು ಬರೆದಾಗಿತ್ತು ನೋಡಿ. ಕಾಗದದ ಕೆಲಸ ಹಾಗೇ. ಬರೆಯುವಾಗ ಯಾರಿಗೂ ಭಯ ಆಗೋದಿಲ್ಲ.

ಈಗ ಎದುರೇಟಿಗೆ ಬರೋಣ. 1942ರ ಜುಲೈ 25ರಂದು ಕೆಲವರು ಯಹೂದಿ ಹುಡುಗರು ಪಿಸ್ತೂಲು ಹಿಡಿದು ಆ ಸಂಘದ ಬ್ರಸೆಲ್ಸ್ ಕಚೇರಿಗೆ ನುಗ್ಗಿ ಕಾರ್ಡುಗಳಿಗೆ ಬೆಂಕಿ ಇಟ್ಟರು. ಮೊದಲ ರೈಲು ಹೊರಡಲು ಇನ್ನು ಹತ್ತು ದಿನ ಇತ್ತು. ಜರ್ಮನ್ನರ ಹತ್ತಿರ ಅದೇ ಪಟ್ಟಿಯ ಇನ್ನೊಂದು ಪ್ರತಿ ಇದ್ದುದರಿಂದ ಲೆಕ್ಕಕ್ಕೆ ಇದು ದೊಡ್ಡ ಗೆಲುವಲ್ಲ. ಆದರೆ ಕೆಲಸಕ್ಕೆ ಕರೆಯುವ ಚೀಟಿಯನ್ನು ನಂಬಬೇಡಿ ಅನ್ನುವ ಸುದ್ದಿ ಆ ಹೊಗೆಯ ಜೊತೆಗೇ ಊರೆಲ್ಲ ಹರಡಿತು. ಆಗಸ್ಟ್ 29ರಂದು ಸಂಘದಲ್ಲಿ ಈ ಕರೆಚೀಟಿಗಳ ಕೆಲಸ ನೋಡಿಕೊಳ್ಳುತ್ತಿದ್ದ ರಾಬರ್ಟ್ ಹೋಲ್ಜಿಂಗರ್ ಅನ್ನುವ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ಕೊಂದವರೂ ಯಹೂದಿ, ಸತ್ತವನೂ ಯಹೂದಿ. ಮಗಳಿಗೆ ಇದನ್ನು ಹೇಳಬೇಕಾ? ನಾನಾದರೆ ಹೇಳುತ್ತೇನೆ. ಹದಿನಾಲ್ಕು ವರ್ಷದವರಿಗೆ ಬರೀ ವೀರರ ಕಥೆ ಕೊಟ್ಟರೆ ಅವರೇ ನಂಬೋದಿಲ್ಲ.

ಮೆಖಲೆನ್‌ನಿಂದ ಒಟ್ಟು 25,000ಕ್ಕೂ ಜಾಸ್ತಿ ಯಹೂದಿಗಳನ್ನು ಸಾಗಿಸಿದರು. ಜೀವಂತವಾಗಿ ಮರಳಿದವರು ಸುಮಾರು 1,200. ಆದರೆ ಈ 25,000ದಲ್ಲಿ ಹತ್ತಿರಹತ್ತಿರ 17,000 ಜನ ಹೋದದ್ದು 1942ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮೂರೇ ತಿಂಗಳಲ್ಲಿ. ಆಮೇಲೆ 1944ರ ಜುಲೈವರೆಗೂ ರೈಲು ಹೊರಡುತ್ತಲೇ ಇದ್ದವು, ತುಂಬಲು ಮಾತ್ರ ಅವರು ಹೆಣಗಬೇಕಾಯಿತು. ಯಾಕೆಂದರೆ ಜನ ವಿಳಾಸದಲ್ಲಿ ಇರಲಿಲ್ಲ. ಹೆಸರಿನಲ್ಲೂ ಇರಲಿಲ್ಲ. ನಿಮ್ಮ ಹೆಂಡತಿಯ ಮುತ್ತಜ್ಜಿ ಹೀಗೆ ತಪ್ಪಿಸಿಕೊಂಡವರಲ್ಲಿ ಒಬ್ಬರು.

ಮುತ್ತಜ್ಜನ ವಿಷಯಕ್ಕೆ ಬರುತ್ತೇನೆ. 'ಕೆಲಸಕ್ಕೆ ಅಂತ ಫ್ರಾನ್ಸಿಗೆ ಹೋದರು' ಅನ್ನುವ ಸಾಲು ಓದಿ ನಾನು ನೆಟ್ಟಗೆ ಕೂತೆ. ಹೊರಗಿನವರಿಗೆ ಅದು ಯಾವುದೋ ಮನೆಯ ಮರೆಗುಳಿ ನೆನಪಿನ ಹಾಗೆ ಕಾಣುತ್ತದೆ. ಆದರೆ 1942ರ ಬೇಸಿಗೆಯಲ್ಲಿ ಬೆಲ್ಜಿಯಂನ ಸುಮಾರು 2,250 ಯಹೂದಿ ಗಂಡಸರನ್ನು ಉತ್ತರ ಫ್ರಾನ್ಸಿನ ಸಮುದ್ರ ದಡಕ್ಕೆ ಒಯ್ದು ಜರ್ಮನ್ ಸೇನೆಯ ಕೋಟೆ, ಕಾಂಕ್ರೀಟ್ ಕೆಲಸಕ್ಕೆ ಹಚ್ಚಿದ್ದರು. ಆ ಕೆಲಸ ಮಾಡಿಸುತ್ತಿದ್ದ ಜರ್ಮನ್ ಸಂಸ್ಥೆಯ ಹೆಸರು ಟೋಟ್. ಅಕ್ಟೋಬರ್ ಕೊನೆಗೆ ಅವರಲ್ಲಿ ಬಹಳಷ್ಟು ಜನರನ್ನು ರೈಲಿಗೆ ತುಂಬಿ ಮೆಖಲೆನ್ ಮೂಲಕ ಆಶ್ವಿಟ್ಜ್‌ಗೆ ಕಳಿಸಿದರು. ಅಕ್ಟೋಬರ್ 31ರ 16 ಮತ್ತು 17ನೇ ಸಾಗಣೆ ಅವು. ದಾರಿಯಲ್ಲಿ ರೈಲಿನಿಂದ ಹಾರಿದವರೂ ಇದ್ದಾರೆ. ನಿಮ್ಮ ಮುತ್ತಜ್ಜ ಅದರಲ್ಲೇ ಇದ್ದರು ಅಂತ ನಾನು ಹೇಳುತ್ತಿಲ್ಲ. ಮೊದಲು ತೆಗೆದು ನೋಡಬೇಕಾದ ಪಟ್ಟಿ ಅದು. ಮೆಖಲೆನ್ ಸಾಗಣೆಗಳ ಪಟ್ಟಿಗಳು ಉಳಿದುಕೊಂಡಿವೆ: ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಕಸುಬು. ಮನೆಯವರು ಒಂದು ಸಾಲನ್ನಾದರೂ ತಪ್ಪಿಲ್ಲದೆ ಉಳಿಸಿಕೊಂಡಿದ್ದಾರೆ ಅನ್ನೋದು ನನ್ನ ಅಂದಾಜು.

ರೈಲಿನ ಮಾತು ಬಂತಲ್ಲ, 20ನೇ ಸಾಗಣೆಯ ಕಥೆ ಮಗಳಿಗೆ ಹೇಳಲೇಬೇಕು. 1943ರ ಏಪ್ರಿಲ್ 19ರ ರಾತ್ರಿ. 1,631 ಜನರನ್ನು ತುಂಬಿಕೊಂಡು ಹೊರಟ ರೈಲು. ಬೋರ್ಟ್‌ಮೇರ್‌ಬೇಕ್ ಅನ್ನುವ ಊರು ದಾಟುತ್ತಿದ್ದ ಹಾಗೆ ಹಳಿಯ ಮೇಲೆ ಕೆಂಪು ದೀಪ ಕಂಡು ಚಾಲಕ ಬ್ರೇಕು ಹಾಕಿದ. ದೀಪ ಇಟ್ಟವರು ಮೂವರು ಹಳೇ ಶಾಲಾ ಗೆಳೆಯರು. ಯೂರಾ ಲಿವ್‌ಶಿಟ್ಸ್ ಯಹೂದಿ, ಎಳೇ ವಯಸ್ಸಿನ ಡಾಕ್ಟರು. ರೋಬೆರ್ ಮೈಸ್ತ್ರಿಯೋ ಮತ್ತು ಜಾನ್ ಫ್ರಾಂಕ್ಲೆಮೋ ಯಹೂದಿಗಳಲ್ಲ. ದೊಡ್ಡ ಸಂಘಟನೆಗಳು 'ಇದು ಆಗದ ಕೆಲಸ' ಅಂದಿದ್ದವು. ಇವರ ಹತ್ತಿರ ಇದ್ದದ್ದು ಒಂದು ಪಿಸ್ತೂಲು, ಇಕ್ಕಳ, ಕೆಂಪು ಕಾಗದ ಸುತ್ತಿದ ಒಂದು ಲಾಟೀನು. ಅಷ್ಟೇ. ಸೈಕಲ್ ಮೇಲೆ ಬಂದಿದ್ದರು. ಮೈಸ್ತ್ರಿಯೋ ಇಕ್ಕಳದಿಂದ ತಂತಿ ಕತ್ತರಿಸಿ ಒಂದು ಬೋಗಿಯ ಬಾಗಿಲು ಎಳೆದ. ಒಳಗಿದ್ದವರಲ್ಲೇ ವಾಗ್ವಾದ ಶುರುವಾಯಿತು. ಇಳಿದರೆ ಗುಂಡು ಹೊಡೀತಾರೆ ಅಂತ ಕೆಲವರು. ಇಳಿದವರು 17 ಜನ. ಅವರ ಕೈಗೆ 50 ಫ್ರಾಂಕಿನ ನೋಟು ತುರುಕಿ, ಓಡಿ ಅಂದ.

ಇಷ್ಟೇ ಆಗಿದ್ದರೆ ಅದು ಮೂರು ಧೈರ್ಯವಂತರ ಕಥೆ. ಆದರೆ ಆ ರಾತ್ರಿ ಗಡಿ ಮುಟ್ಟುವ ಮೊದಲು ಆ ರೈಲಿನಿಂದ ಒಟ್ಟು 230ಕ್ಕೂ ಜಾಸ್ತಿ ಜನ ಹಾರಿದರು. ಉಳಿದವರು ಬೇರೆ ಬೋಗಿಗಳವರು, ಯಾರ ಸಹಾಯವೂ ಇಲ್ಲದೆ ಹಾರಿದವರು. ಬ್ಯಾರಕ್ಸಿನಲ್ಲೇ ಉಪಕರಣ ಬಚ್ಚಿಟ್ಟುಕೊಂಡು ಹತ್ತಿದ್ದರು. ರೆಜೀನ್ ಕ್ರೋಖ್‌ಮಲ್ ಅನ್ನುವ ನರ್ಸ್ ಚಾಕುವಿನಿಂದ ಕಿಂಡಿಯ ಮರದ ಸರಳು ಕೊಯ್ದು ಹಾರಿದಳು. 11 ವರ್ಷದ ಸಿಮೋನ್ ಗ್ರೊನೋವ್‌ಸ್ಕಿಯನ್ನು ಅವನ ತಾಯಿ ಬಟ್ಟೆ ಹಿಡಿದು ಬಾಗಿಲಿನ ಮೆಟ್ಟಿಲಿಗೆ ಇಳಿಬಿಟ್ಟಳು. ಅವನು ಹಾರಿದ. ಅಮ್ಮನೂ ಹಾರುತ್ತಾಳೆ ಅಂತ ಕಾದ. ಅವಳು ಬರಲಿಲ್ಲ. ರಾತ್ರಿಯೆಲ್ಲ ನಡೆದು ಸಿಕ್ಕ ಹಳ್ಳಿಯಲ್ಲಿ ಒಬ್ಬ ಬೆಲ್ಜಿಯಂ ಪೊಲೀಸನ ಕೈಗೆ ಬಿದ್ದ. ಆ ಪೊಲೀಸ್ ಅವನನ್ನು ಹಿಡಿದುಕೊಡದೆ ಬ್ರಸೆಲ್ಸ್‌ಗೆ ವಾಪಸ್ ಹೋಗಲು ದಾರಿ ಮಾಡಿಕೊಟ್ಟ. ಹುಡುಗ ಮುಂದೆ ವಕೀಲನಾದ, ಜಾಝ್ ಪಿಯಾನೊ ನುಡಿಸಿದ. ಯೂರಾ ಲಿವ್‌ಶಿಟ್ಸ್‌ನನ್ನು 1944ರ ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದರು.

ಅದೇ ದಿನ, 1943ರ ಏಪ್ರಿಲ್ 19, ಪೋಲೆಂಡಿನ ವಾರ್ಸಾ ಘೆಟ್ಟೊದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಮೊರ್ದೆಖಾಯ್ ಆನಿಯೆಲೆವಿಚ್ ಮುಂದಾಳತ್ವದಲ್ಲಿ ದಂಗೆ ಶುರುವಾಯಿತು. ಕೆಲವೇ ನೂರು ಜನ, ಬಹುಪಾಲು ಇಪ್ಪತ್ತರ ಆಚೀಚೆಯವರು, ಜರ್ಮನ್ ಸೇನೆಯನ್ನು ಮೇ ಮಧ್ಯದವರೆಗೂ ಸತಾಯಿಸಿದರು. ಎರಡು ಊರಿನವರಿಗೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದು ಪೆಸಾಖ್ ಹಬ್ಬದ ಮೊದಲ ರಾತ್ರಿ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಮನೆಯ ಮಕ್ಕಳಿಗೆ ಹೇಳುವ ರಾತ್ರಿ.

'ಕುರಿಗಳ ಹಾಗೆ ಹೋದರು' ಅನ್ನುವ ಮಾತು ಮಗಳ ಕಿವಿಗೂ ಬಿದ್ದಿರಬೇಕು, ಅದಕ್ಕೇ ಆ ಪ್ರಶ್ನೆ. ಆ ಮಾತನ್ನು ಯುದ್ಧದ ನಡುವೆ ಕೂಗಿ ಹೇಳಿದ್ದು ಒಬ್ಬ ಯಹೂದಿ ಕವಿಯೇ. ಲಿಥುವೇನಿಯದ ವಿಲ್ನಾ ಘೆಟ್ಟೊದ ಅಬ್ಬಾ ಕೋವ್ನರ್ 1942ರ ಹೊಸ ವರ್ಷದ ಹೊತ್ತಿಗೆ ತನ್ನ ಗೆಳೆಯರ ಮುಂದೆ ಓದಿದ ಕರಪತ್ರದಲ್ಲಿ, ಕುರಿಗಳಂತೆ ಕಟುಕನ ಕೈಗೆ ಹೋಗುವುದು ಬೇಡ ಅಂದ. ಅದು ಎದ್ದು ನಿಲ್ಲಿ ಅನ್ನುವ ಕರೆಯಾಗಿತ್ತು. ಯುದ್ಧ ಮುಗಿದ ಮೇಲೆ, ಆರಾಮಕುರ್ಚಿಯಲ್ಲಿ ಕೂತವರು ಅದನ್ನೇ ಬೈಗುಳ ಮಾಡಿಕೊಂಡರು. ಎಲ್ಲಿಗೆ ಹೋಗುತ್ತಿದ್ದೇವೆ ಅಂತಲೇ ಗೊತ್ತಿಲ್ಲದೆ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡ ಜನರನ್ನು ಕುರಿ ಅನ್ನಲು ನನಗಂತೂ ಬಾಯಿ ಬರೋದಿಲ್ಲ.

ಗೊತ್ತು ಮಾಡಿಕೊಳ್ಳೋದೇ ಒಂದು ಸಾಹಸವಾಗಿತ್ತು. 1942ರ ಸೆಪ್ಟೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ 'ಯಹೂದಿ ರಕ್ಷಣಾ ಸಮಿತಿ' ಹುಟ್ಟಿತು. ಎಡಪಂಥದ ಎಂಜಿನಿಯರ್ ಗೆರ್ಟ್ ಯೊಸ್ಪಾ, ಅವರ ಹೆಂಡತಿ ಇವೊನ್ ಮೊದಲಾದವರು ಕಟ್ಟಿದ್ದು. ಇವರು ವಿಕ್ಟರ್ ಮಾರ್ಟಿನ್ ಅನ್ನುವ ಕ್ಯಾಥೊಲಿಕ್ ಸಮಾಜಶಾಸ್ತ್ರಜ್ಞನನ್ನು 1943ರ ಆರಂಭದಲ್ಲಿ ಓದಿನ ನೆಪ ಹೂಡಿ ಜರ್ಮನಿ ಕಡೆಗೆ ಕಳಿಸಿದರು. ರೈಲುಗಳು ಎಲ್ಲಿಗೆ ಹೋಗುತ್ತವೆ ನೋಡಿ ಬಾ ಅಂತ. ಅವನು ಆಶ್ವಿಟ್ಜ್ ಹತ್ತಿರದ ಊರಿನವರೆಗೂ ಹೋಗಿ, ಅಲ್ಲಿ ಕೆಲಸಕ್ಕಿದ್ದ ಫ್ರೆಂಚರನ್ನು ಮಾತಾಡಿಸಿ, ಜನರನ್ನು ಸುಡುತ್ತಿದ್ದಾರೆ ಅನ್ನುವ ಸುದ್ದಿ ತಿಳಿದುಕೊಂಡ. ಸಿಕ್ಕಿಬಿದ್ದು, ತಪ್ಪಿಸಿಕೊಂಡು, ಮರಳಿ ಬಂದು ವರದಿ ಕೊಟ್ಟ.

ನಿಮ್ಮ ಹೆಂಡತಿಯ ಅಜ್ಜಿಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಆ ವಯಸ್ಸಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಈ ಸಮಿತಿ ಕಾನ್ವೆಂಟು, ಹಾಸ್ಟೆಲು, ರೈತರ ಮನೆಗಳಲ್ಲಿ ಬಚ್ಚಿಟ್ಟಿತು. ಮಕ್ಕಳನ್ನು ಮನೆಯಿಂದ ಕರೆದೊಯ್ಯುತ್ತಿದ್ದವರಲ್ಲಿ ಆಂದ್ರೆ ಗೆಲೆನ್ ಅನ್ನುವ 21 ವರ್ಷದ ಶಾಲಾ ಟೀಚರ್ ಒಬ್ಬಳು. ಒಂದು ದಿನ ಅವಳ ತರಗತಿಗೆ ಕೆಲವು ಮಕ್ಕಳು ಹಳದಿ ನಕ್ಷತ್ರ ಹಚ್ಚಿಕೊಂಡು ಬಂದರು. ಅವಳು ಎಲ್ಲ ಮಕ್ಕಳಿಗೂ ಏಪ್ರನ್ ಹಾಕಿಕೊಳ್ಳಲು ಹೇಳಿದಳು. ನಕ್ಷತ್ರ ಮುಚ್ಚಿಹೋಯಿತು. ಆಮೇಲೆ ಸಮಿತಿ ಸೇರಿ ಮಕ್ಕಳನ್ನು ಸಾಗಿಸತೊಡಗಿದಳು. ದಾರಿಯಲ್ಲಿ ಮಗುವಿಗೆ ಹೊಸ ಹೆಸರನ್ನು ಬಾಯಿಪಾಠ ಮಾಡಿಸಬೇಕು. ಮಗು ಎಲ್ಲಿದೆ ಅಂತ ಹೆತ್ತವರಿಗೂ ಹೇಳುವ ಹಾಗಿಲ್ಲ. ಸಿಕ್ಕಿಬಿದ್ದರೆ ಅವರ ಬಾಯಿ ಬಿಡಿಸುತ್ತಾರೆ.

ಹಾಗಾದರೆ ಯುದ್ಧ ಮುಗಿದ ಮೇಲೆ ಯಾವ ಮಗು ಯಾರದು ಅಂತ ತಿಳಿಯೋದು ಹೇಗೆ? ಇದಕ್ಕೆ ಅವರು ಮಾಡಿದ ಉಪಾಯ ನೋಡಿ. ಬೇರೆ ಬೇರೆ ನೋಟ್‌ಬುಕ್ಕುಗಳು. ಒಂದರಲ್ಲಿ ನಿಜವಾದ ಹೆಸರು ಮತ್ತು ಒಂದು ಸಂಖ್ಯೆ. ಇನ್ನೊಂದರಲ್ಲಿ ಅದೇ ಸಂಖ್ಯೆ ಮತ್ತು ಸುಳ್ಳು ಹೆಸರು. ವಿಳಾಸ ಇನ್ನೊಂದರಲ್ಲಿ. ಒಂದು ಸಿಕ್ಕರೆ ಅದರಿಂದ ಏನೂ ಗೊತ್ತಾಗದು. ಎಲ್ಲ ಸೇರಿದರೆ ಮಗು ಸಿಗುತ್ತದೆ. ಜರ್ಮನ್ನರು ಜನರನ್ನು ಹಿಡಿಯಲು ಕಾರ್ಡು ಬರೆದರು, ಇವರು ಉಳಿಸಲು ಕಾರ್ಡನ್ನೇ ಚೂರು ಮಾಡಿ ಬರೆದರು. ಈ ನೋಟ್‌ಬುಕ್ಕುಗಳು ಉಳಿದಿವೆ. ಗೆಲೆನ್ 2022ರವರೆಗೂ, ನೂರು ವರ್ಷ ಬದುಕಿದ್ದರು. ಅಜ್ಜಿಯ ಹೆಸರು ಆ ಪಟ್ಟಿಯಲ್ಲಿದೆಯಾ ಅಂತ ಕೇಳಿ ನೋಡಬೇಕು. ಇರಲಿಲ್ಲ ಅಂದರೆ ನಿರಾಶೆ ಬೇಡ. ಸಮಿತಿಯ ಗೊಡವೆ ಇಲ್ಲದೆ, ಪಕ್ಕದ ಮನೆಯವರ ಮೂಲಕವೋ ಪಾದ್ರಿಯ ಮೂಲಕವೋ ಬಚಾವಾದ ಮಕ್ಕಳೂ ಬಹಳ.

ಸರಿ, ಹುಡುಕಾಟ. ಕೆಂಪು ಮುದ್ರೆಯ ಚೀಟಿಯಿಂದ ಶುರು ಮಾಡಿ. ಅದರಲ್ಲಿರೋದು ನಿಜವಾದ ಹೆಸರು, ಹುಟ್ಟಿದ ದಿನ, ಊರು.

ನೀವು ಮೊದಲ ಸಲ ಬ್ರಸೆಲ್ಸ್‌ಗೆ ಬಂದಾಗ ಕಮ್ಯೂನ್‌ನಲ್ಲಿ ಹೆಸರು ಬರೆಸಿದ್ದು, ವಿಳಾಸ ನೋಡಲು ಪೊಲೀಸಿನವರು ಮನೆಗೆ ಬಂದದ್ದು ನೆನಪಿದೆಯಲ್ಲ? ಮುತ್ತಜ್ಜಿಗೂ ಅದೇ ಆಗಿತ್ತು. ಹೊರದೇಶದಿಂದ ಬಂದ ಒಬ್ಬೊಬ್ಬರ ಮೇಲೂ ವಿದೇಶಿಯರ ಪೊಲೀಸ್ ವಿಭಾಗ ಒಂದು ಫೈಲು ತೆರೆಯುತ್ತಿತ್ತು. ಆ ಫೈಲುಗಳು ಈಗ ಬೆಲ್ಜಿಯಂ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನನ್ನ ಲೆಕ್ಕದಲ್ಲಿ ನಿಮಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲ. ಯಾವ ಊರಿಂದ ಬಂದರು, ತಂದೆ ತಾಯಿ ಯಾರು, ಎಲ್ಲಿ ಕೆಲಸ, ಯಾವ ಬೀದಿಯಿಂದ ಯಾವ ಬೀದಿಗೆ ಮನೆ ಬದಲಿಸಿದರು, ಕೆಲವೊಮ್ಮೆ ಫೋಟೋ, ಎಲ್ಲ ಅಲ್ಲಿರುತ್ತದೆ. ಅದೇ ಪತ್ರಾಗಾರದ ಯುದ್ಧ ಸಂತ್ರಸ್ತರ ವಿಭಾಗದಲ್ಲಿ ಇನ್ನೊಂದು ಫೈಲೂ ಇರಬಹುದು. ಯುದ್ಧ ಮುಗಿದ ಮೇಲೆ ಗಂಡ ಸತ್ತನೆಂದು ದಾಖಲೆ ಪಡೆಯಲು ಮುತ್ತಜ್ಜಿ ಅರ್ಜಿ ಹಾಕಿದ್ದರೆ ಅಲ್ಲಿ ಅವರ ಹೇಳಿಕೆಯೇ ಸಿಕ್ಕೀತು.

ಮೆಖಲೆನ್‌ನ ದೊಸ್ಸಾ ಬ್ಯಾರಕ್ಸಿನ ಎದುರು ಈಗ ವಸ್ತುಸಂಗ್ರಹಾಲಯವಿದೆ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಸಾಗಣೆಯ ಪಟ್ಟಿಗಳು, ಯಹೂದಿ ರಿಜಿಸ್ಟರು ಎಲ್ಲ ನೋಡಬೇಕಾದರೆ ಅಲ್ಲಿಗೇ ಬರೆಯಿರಿ. ಅಲ್ಲಿ ಹಲವು ಮಹಡಿ ಎತ್ತರದ ಒಂದು ಗೋಡೆ ಇದೆ. ಸಾಗಿಸಲ್ಪಟ್ಟವರ ಮುಖಗಳ ಗೋಡೆ. ಆ ಫೋಟೋಗಳಲ್ಲಿ ಬಹಳಷ್ಟು ಬಂದದ್ದು ಇದೇ ವಿದೇಶಿಯರ ಪೊಲೀಸ್ ಫೈಲುಗಳಿಂದ. ಫೋಟೋ ಸಿಗದವರ ಜಾಗದಲ್ಲಿ ಬರೀ ನೆರಳಿನ ಆಕೃತಿ. ಆಂಡರ್‌ಲೆಕ್ಟ್‌ನಲ್ಲಿ 1970ರಲ್ಲಿ ತೆರೆದ ಸ್ಮಾರಕ ನಿಮಗೆ ಇನ್ನೂ ಹತ್ತಿರ. ಅಲ್ಲಿನ ಗೋಡೆಗಳ ಮೇಲೆ 23,838 ಹೆಸರು ಕೆತ್ತಿದ್ದಾರೆ. ಪಕ್ಕದಲ್ಲೇ ಹೋರಾಡಿ ಸತ್ತ ಯಹೂದಿಗಳ ಹೆಸರಿನ ಇನ್ನೊಂದು ಸ್ಮಾರಕ.

ಮನೆಯಲ್ಲೇ ಕೂತು ಮಾಡಬಹುದಾದದ್ದು ಎರಡಿವೆ. ಜರ್ಮನಿಯ ಆರೊಲ್ಸನ್ ಆರ್ಕೈವ್ಸ್ ಅನ್ನುವ ಪತ್ರಾಗಾರದಲ್ಲಿ ನಾಜಿಗಳ ಕೈಗೆ ಸಿಕ್ಕ ಸುಮಾರು ಒಂದೂಮುಕ್ಕಾಲು ಕೋಟಿ ಜನರ ದಾಖಲೆಗಳಿವೆ. ವಿಚಾರಿಸಲು ದುಡ್ಡಿಲ್ಲ, ತಾಳ್ಮೆ ಬೇಕು. ಜೆರುಸಲೇಮಿನಲ್ಲಿ ಸತ್ತ ಯಹೂದಿಗಳ ನೆನಪಿಗಾಗಿ ಇರುವ ಯಾದ್ ವಾಶೆಮ್ ಸಂಸ್ಥೆಯ ಹೆಸರುಗಳ ದಾಖಲೆಯಲ್ಲಿ ಮುತ್ತಜ್ಜನ ಹೆಸರು ಹುಡುಕಿ. ಸಿಕ್ಕರೆ ಹೆಸರು ನೋಡಿ ಪುಟ ಮುಚ್ಚಬೇಡಿ. ಕೆಳಗೆ ಆ ನಮೂನೆ ತುಂಬಿದವರು ಯಾರು, ಯಾವ ವರ್ಷ, ಸತ್ತವರಿಗೆ ಏನಾಗಬೇಕು ಅಂತ ಇರುತ್ತದೆ. ಯಾವುದೋ ದೇಶದಲ್ಲಿ ಕೂತು ಒಬ್ಬ ಸೋದರಸಂಬಂಧಿ ಅದನ್ನು ಬರೆದಿದ್ದರೆ, ಇಲ್ಲವೇ ಇಲ್ಲ ಅಂದುಕೊಂಡಿದ್ದ ನೆಂಟರು ನಿಮಗೆ ಸಿಕ್ಕ ಹಾಗೆ.

ಒಂದು ಎಚ್ಚರಿಕೆ. ಕಾಗದದಲ್ಲಿ ಇದ್ದದ್ದೆಲ್ಲ ನಿಜ ಅಂದುಕೊಳ್ಳಬೇಡಿ. ಈ ಹುಡುಕಾಟದ ಕೆಲಸ ಕಲಿಯುವ ಕಾಲದಲ್ಲಿ ನಾನು ಜರ್ಮನಿಯ ಒಬ್ಬ ಮಹಿಳೆಯ ಜಾಡು ಹಿಡಿದು ವಾರಗಟ್ಟಲೆ ಅವಳ 'ಸಾರಾ' ಅನ್ನುವ ಹೆಸರನ್ನು ಹುಡುಕಿದೆ. ಹುಟ್ಟಿದ ದಾಖಲೆಯಲ್ಲಿ ಆ ಹೆಸರೇ ಇಲ್ಲ. ಆಮೇಲೆ ಹಿರಿಯರೊಬ್ಬರು ನಕ್ಕು ಹೇಳಿದರು: 1939ರ ಜನವರಿಯಿಂದ ಜರ್ಮನಿಯಲ್ಲಿ ಬಹುಪಾಲು ಯಹೂದಿ ಹೆಂಗಸರ ಹೆಸರಿಗೆ ಸಾರಾ ಅಂತಲೂ, ಗಂಡಸರ ಹೆಸರಿಗೆ ಇಸ್ರಯೇಲ್ ಅಂತಲೂ ಸರಕಾರವೇ ಸೇರಿಸಿತ್ತು. ನಾನು ಹುಡುಕುತ್ತಿದ್ದದ್ದು ನಾಜಿಗಳು ಇಟ್ಟ ಹೆಸರನ್ನು.

ಇನ್ನು ಆ ಪತ್ರ. ಲಿಪಿ ಹೀಬ್ರೂ ಆಗಿದ್ದರೂ ಭಾಷೆ ಬಹುಶಃ ಯಿಡ್ಡಿಶ್. ನಮ್ಮ ಕರಾವಳಿಯಲ್ಲಿ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರಲ್ಲ, ಹಾಗೆ. ಯಿಡ್ಡಿಶ್ ಜರ್ಮನ್‌ಗೆ ಹತ್ತಿರದ ಭಾಷೆ, ಅಕ್ಷರ ಮಾತ್ರ ಹೀಬ್ರೂ. ಹಾಗಾಗಿ ಹೀಬ್ರೂ ಬಲ್ಲ ಗೆಳೆಯರಿಗೆ ತೋರಿಸಿದರೆ 'ಓದಲು ಬರುತ್ತೆ, ಅರ್ಥ ಆಗಲ್ಲ' ಅಂದಾರು. ಅದರಲ್ಲೂ ಹಳೇ ಕೈಬರಹ ಅಚ್ಚಿನ ಅಕ್ಷರದ ಹಾಗಿರೋದಿಲ್ಲ. ಯಿಡ್ಡಿಶ್ ಕೈಬರಹ ಓದುವವರನ್ನೇ ಹುಡುಕಬೇಕು. ಮೇಲ್ಗಡೆ ಮೂಲೆಯಲ್ಲಿ ಊರು, ತಾರೀಕು ಇದ್ದರೆ ಅದನ್ನು ಮೊದಲು ಓದಿಸಿ.

ಊರು ಗೊತ್ತಾದ ಮೇಲೆ ಪೋಲೆಂಡಿನ ದಾಖಲೆ. ಅಲ್ಲಿ 100 ವರ್ಷ ದಾಟಿದ ಜನನ ದಾಖಲೆ, 80 ದಾಟಿದ ಮದುವೆ ಮತ್ತು ಮರಣ ದಾಖಲೆ ಸಾರ್ವಜನಿಕರಿಗೆ ತೆರೆದಿರುತ್ತವೆ. ಮುತ್ತಜ್ಜಿಯ ಜನನ ದಾಖಲೆ ಉಳಿದಿದ್ದರೆ ಸಿಗಬೇಕು. ವಾರ್ಸಾ, ಲುಬ್ಲಿನ್ ಕಡೆಯಾದರೆ ಆ ಕಾಲದ್ದು ರಷ್ಯನ್ ಭಾಷೆಯಲ್ಲಿರುತ್ತದೆ, ಗಾಬರಿ ಆಗಬೇಡಿ. ಹೆಸರಿನ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಥರ. ಜ್ಯೂಯಿಶ್‌ಜೆನ್ ಅನ್ನುವ ಯಹೂದಿ ವಂಶಾವಳಿಯ ಇಂಟರ್ನೆಟ್ ತಾಣದಲ್ಲಿ ಕಾಗುಣಿತ ಬಿಟ್ಟು ಉಚ್ಚಾರದ ಮೇಲೆ ಹುಡುಕಬಹುದು. ಮಕ್ಕಳಿಗೆ ತಂದೆಯ ಮನೆತನದ ಹೆಸರಿಲ್ಲದೆ ತಾಯಿಯದೇ ಇದ್ದರೆ ತಪ್ಪು ತಿಳಿಯಬೇಡಿ. ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ ಮುಂದೆ ಮದುವೆಯಾಗಿ ಸರಕಾರಿ ಕಚೇರಿಗೆ ಹೋಗದ ಜೋಡಿಗಳು ಎಷ್ಟೋ. ಕಾನೂನಿನ ಕಣ್ಣಿಗೆ ಅವರು ಮದುವೆಯೇ ಆಗಿರಲಿಲ್ಲ.

ನಿಮ್ಮ ಕಡೆ ಸುಗ್ಗಿಯ ಹೊತ್ತಿಗೆ ಹೆಳವರು ಎತ್ತಿನೊಂದಿಗೆ ಬಂದು ಮನೆತನದ ವಂಶಾವಳಿ ಹೇಳುತ್ತಿದ್ದದ್ದು ನೋಡಿರುತ್ತೀರಿ. ಪೋಲೆಂಡಿನ ಯಹೂದಿ ಊರುಗಳಲ್ಲಿ ಹೇಳುವವರೂ ಸತ್ತರು, ಕೇಳುವವರೂ ಸತ್ತರು. ಬದುಕಿ ಉಳಿದ ಕೆಲವರು ಇಸ್ರೇಲ್, ಅಮೆರಿಕ, ಅರ್ಜೆಂಟೀನಾದಲ್ಲಿ ಒಟ್ಟುಗೂಡಿ ಊರಿಗೊಂದು ನೆನಪಿನ ಪುಸ್ತಕ ಮಾಡಿದರು. ಯಿಜ್‌ಕೋರ್ ಪುಸ್ತಕ ಅನ್ನುತ್ತಾರೆ. ಯಾವ ಬೀದಿಯಲ್ಲಿ ಯಾರ ಬೇಕರಿ ಇತ್ತು, ಯಾರು ಮದುವೆಯಲ್ಲಿ ಪಿಟೀಲು ನುಡಿಸುತ್ತಿದ್ದರು, ಸತ್ತವರ ಪಟ್ಟಿ, ನೆನಪಿನಿಂದ ಬಿಡಿಸಿದ ನಕ್ಷೆ. ಇಂಥವು ನೂರಾರು ಇವೆ. ಮುತ್ತಜ್ಜಿಯ ಊರಿನದೂ ಇದ್ದರೆ ನನಗೆ ಹೊಟ್ಟೆಕಿಚ್ಚು.

ಡಿಎನ್‌ಎ ಪರೀಕ್ಷೆ ಬಗ್ಗೆ ನೀವು ಕೇಳಿಲ್ಲ, ಮಗಳು ಕೇಳುತ್ತಾಳೆ. ಆತುರ ಬೇಡ. ಪೂರ್ವ ಯುರೋಪಿನ ಯಹೂದಿಗಳು ನೂರಾರು ವರ್ಷ ತಮ್ಮತಮ್ಮಲ್ಲೇ ಮದುವೆಯಾದವರು. ಹಾಗಾಗಿ ಸಾವಿರಾರು 'ನೆಂಟರು' ಸಿಗುತ್ತಾರೆ, ಊರು ಸಿಗೋದಿಲ್ಲ. ಅತ್ತೆ ಒಪ್ಪದೆ ಅವರ ಗುಟ್ಟನ್ನು ಮೊಮ್ಮಗಳ ಎಂಜಲಿನಿಂದ ಬಯಲು ಮಾಡಿದ ಹಾಗೂ ಆಗುತ್ತದೆ.

ಅತ್ತೆಯ ಜೊತೆ ಜಗಳಕ್ಕೆ ಇಳಿಯಬೇಡಿ. ಅಜ್ಜಿಗೆ ಹತ್ತನೇ ವಯಸ್ಸಿನಲ್ಲಿ ಯಾರೋ ಹೇಳಿಕೊಟ್ಟರು: ನಿನ್ನ ಹೆಸರು ಹೇಳಿದರೆ ನೀನೂ ಸಾಯುತ್ತೀಯ, ಇವರೂ ಸಾಯುತ್ತಾರೆ. ಅಜ್ಜಿ ಆ ಪಾಠವನ್ನು ಮುಂದೆ ಎಂಬತ್ತು ವರ್ಷ ಪಾಲಿಸಿದರು. ಇಂಥವರು ಬಹಳ ಜನ. ಬಚ್ಚಿಟ್ಟ ಮಕ್ಕಳು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಸೇರಿ ಬಾಯಿ ಬಿಟ್ಟದ್ದೇ 1991ರಲ್ಲಿ, ನ್ಯೂಯಾರ್ಕಿನಲ್ಲಿ. ಆಗ ಅವರಿಗೆಲ್ಲ ಐವತ್ತು ಅರವತ್ತು ವಯಸ್ಸು. ಅಷ್ಟಾಗಿಯೂ ಅಜ್ಜಿ ಆ ಚೀಟಿಗಳನ್ನು ಒಲೆಗೆ ಹಾಕಲಿಲ್ಲ ಅನ್ನೋದನ್ನು ಅತ್ತೆಗೆ ಒಮ್ಮೆ ಹೇಳಿ ನೋಡಿ. ಒತ್ತಾಯ ಬೇಡ. ಏನಾದರೂ ಸಿಕ್ಕರೆ 'ತೋರಿಸಲಾ?' ಅಂತ ಮೊದಲು ಕೇಳಿ.

'ನಾವು ಯಹೂದಿಗಳಾ?' ಧರ್ಮಶಾಸ್ತ್ರದ ಲೆಕ್ಕದಲ್ಲಿ ತಾಯಿ ಯಹೂದಿಯಾದರೆ ಮಕ್ಕಳೂ ಯಹೂದಿಗಳು. ಮುತ್ತಜ್ಜಿ, ಅಜ್ಜಿ, ಅತ್ತೆ, ಹೆಂಡತಿ, ಮಗಳು, ಎಲ್ಲ ಹೆಣ್ಣು ಸಾಲು. ಹಾಗಾಗಿ ರಬ್ಬಿಯನ್ನು ಕೇಳಿದರೆ, ಕಾಗದ ತೋರಿಸಿ, ಹೌದು ಅನ್ನಬಹುದು. ಆದರೆ ಯಾರು ಯಹೂದಿ ಅಂತ ಅಜ್ಜ ಅಜ್ಜಿಯರನ್ನು ಎಣಿಸಿ ಸರಕಾರವೇ ತೀರ್ಮಾನಿಸಿದ್ದು 1935ರ ನಾಜಿ ಕಾನೂನು. ಹಾಗಾಗಿ ಯಾರ ಲೆಕ್ಕವನ್ನೂ ಅವಳ ಮೇಲೆ ಹೇರಬೇಡಿ. ಅವಳು ಧಾರವಾಡದ ಅಜ್ಜಿಯ ಮೊಮ್ಮಗಳೂ ಹೌದು. ಎಷ್ಟು ಬೇಕೋ ಅಷ್ಟು ಅವಳೇ ಎತ್ತಿಕೊಳ್ಳಲಿ.

ಈಗ ಕೈಗೆ ಕೆಲಸ. ನಮ್ಮವರ ಹಳೇ ಚಾಳಿ, ಹಳೆಯ ಕಾಗದ ಸಿಕ್ಕ ಕೂಡಲೇ ಲ್ಯಾಮಿನೇಷನ್ ಮಾಡಿಸೋದು. ದಯವಿಟ್ಟು ಮಾಡಿಸಬೇಡಿ. ಟೇಪು ಹಚ್ಚಬೇಡಿ, ಪಿನ್ ಚುಚ್ಚಬೇಡಿ. ಎರಡೂ ಬದಿ, ಖಾಲಿ ಪುಟವನ್ನೂ ಬಿಡದೆ, ಒಳ್ಳೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಪೆನ್ಸಿಲ್ಲಿನಲ್ಲಿ ಯಾವುದಾದರೂ ಸಂಖ್ಯೆ ಇದೆಯಾ ನೋಡಿ.

ಕೊನೆಗೆ ಆ ಸುಳ್ಳು ಚೀಟಿಯನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಿ. ಇಂಥ ಚೀಟಿಗಳಲ್ಲಿ ಕೆಲವು ಪೂರ್ತಿ ಸುಳ್ಳು. ಕೆಲವು ಖಾಲಿ ಚೀಟಿ ಕದ್ದು ತುಂಬಿದ್ದು. ಇನ್ನು ಕೆಲವಕ್ಕೆ ಕಮ್ಯೂನ್ ಗುಮಾಸ್ತರೇ ಕಣ್ಣು ಮುಚ್ಚಿ ಅಸಲಿ ಮುದ್ರೆ ಒತ್ತಿಕೊಟ್ಟರು, ಅದರಲ್ಲಿನ ಹೆಸರೂ ಯಾರದೋ ನಿಜವಾದ ಹೆಸರೇ. ಚೀಟಿಯ ಮೇಲೆ ಯಾವ ಕಮ್ಯೂನ್ ಅಂತ ಇರುತ್ತದೆ. ಅಲ್ಲಿಗೆ ಬರೆದು ಆ ಕಾಲದ ಜನಸಂಖ್ಯೆ ರಿಜಿಸ್ಟರಿನಲ್ಲಿ ಆ ಹೆಸರು, ಆ ಹುಟ್ಟಿದ ದಿನ ಇದೆಯಾ ಕೇಳಿ. ಇದ್ದರೆ ಒಬ್ಬ ಬೆಲ್ಜಿಯಂ ಹೆಂಗಸು ತನ್ನ ಹೆಸರನ್ನೇ ನಿಮ್ಮ ಮುತ್ತಜ್ಜಿಗೆ ಕೊಟ್ಟಿದ್ದಳೇನೋ. ಅವಳಿಗೂ ಮೊಮ್ಮಕ್ಕಳಿರಬಹುದು. ಅವರ ಮನೆಯಲ್ಲಿ ಈ ಸುದ್ದಿ ಯಾರಿಗಾದರೂ ಗೊತ್ತಿದೆಯೋ ಇಲ್ಲವೋ.